ಪಾಳಿಗೆರಿ

ಮರಾಠಿಯಲ್ಲಿ ಅದಕ್ಕೇನೋ ಅನ್ನುತ್ತಾರೆ,
ಇಂಗ್ಲಿಷಿನಲ್ಲಂತೂ ಹೆಸರು ಇದ್ದೇ ಇದೆ.
ನಮ್ಮ ಉಮದಿಯ ಕನ್ನಡ ಶಾಲೆಯ ಹುಡುಗರು
ಪಾಳಿಗೆರಿ ಅಂದರು, ಅದೇ ನಿಂತಿತು.
ಈಗ ಆಡುವವನ ನಂತರದವನು
ಬ್ಯಾಟು ಹಿಡಿದು ಕಾಯುವ
ಸುಣ್ಣದ ಒಂದು ಸುತ್ತು. ಐದಡಿ ಅಗಲ.

ಬೆಳಿಗ್ಗೆ ಏಳಕ್ಕೆ ನಾನೇ ಎಳೆಯುತ್ತೇನೆ,
ಗೂಟಕ್ಕೆ ದಾರ ಕಟ್ಟಿ,
ತೂತು ಹೊಡೆದ ಹಾಲಿನ ಡಬ್ಬಿಯಿಂದ ಸುರಿಸುತ್ತ.
ಒಂದಲ್ಲ, ಎರಡು.
ಹೋಮ್ ಪ್ಲೇಟಿನ ಆಚೆಗೊಂದು, ಈಚೆಗೊಂದು.
ಹಿಂದೆ ದ್ರಾಕ್ಷಿ ತೋಟದವರು ಕೊಟ್ಟ ಹಕ್ಕಿಬಲೆ,
ಮೂರು ಕಡೆ ಹರಿದದ್ದು, ಸುತಳಿಯಿಂದ ಹೊಲಿದದ್ದು.

"ಸರ್, ಒಂದು ಸಾಲೂದಿಲ್ಲೇನ್ರಿ?"
ಪ್ರತಿ ಜೂನಿನಲ್ಲಿ ಕೇಳುತ್ತಾರೆ
ಹೊಸದಾಗಿ ಎಂಟನೆತ್ತೆಗೆ ಬಂದವರು.
ಆಗ ತವನಪ್ಪನನ್ನು ಕರೆಯುತ್ತೇನೆ.
ಅವನು ಹೆಚ್ಚೇನೂ ಹೇಳುವುದಿಲ್ಲ,
ಬಾಯಿ ತೆರೆಯುತ್ತಾನೆ.
ಎಡಗಡೆ ಮೂರು ಹಲ್ಲಿನ ಜಾಗದಲ್ಲಿ
ನುಣ್ಣನೆ ಒಸಡು.

ಅವನು ನಿಂತದ್ದು ಎದುರು ಬದಿಯಲ್ಲಿ,
ಎಸೆಯುವವನ ಕೈ ಚೆನ್ನಾಗಿ ಕಾಣಲಿ ಎಂದು.
ಬಗ್ಗಿ ಬೂಟಿನ ಲೇಸು ಕಟ್ಟುತ್ತಿದ್ದ.
ತಪ್ಪಿದ ಹೊಡೆತ ನೆಲ ಮುಟ್ಟದೆ ಬಂತು.
ಆಗ ಶಾಲೆಗೆ ಇದ್ದದ್ದು ಒಂದೇ ಹೆಲ್ಮೆಟ್ಟು,
ಅದು ಆಡುವವನ ತಲೆಯ ಮೇಲಿತ್ತು.

ಜತ್ತದ ದವಾಖಾನೆಯ ಬಾಕಿನ ಮೇಲೆ
ಅವನವ್ವ ನನ್ನನ್ನು ಬೈಯಲಿಲ್ಲ.
"ಎಷ್ಟು ಗಟ್ಟಿ ಇರತೈತ್ರಿ ಆ ಚೆಂಡು?" ಅಂದಳು.
ಚೀಲದಿಂದ ತೆಗೆದು ಕೈಗೆ ಕೊಟ್ಟೆ.
ಒತ್ತಿ ನೋಡಿದಳು,
ಸಂತೆಯಲ್ಲಿ ತೆಂಗಿನಕಾಯಿ ನೋಡುವವರಂತೆ
ಕಿವಿಯ ಬಳಿ ಅಲ್ಲಾಡಿಸಿದಳು,
ತಿರುಗಿ ಕೊಟ್ಟಳು.

ಅಂದಿನಿಂದ ಬೇರೆ ಪಾಠವಿಲ್ಲ.
ಆಡುವವನ ಬೆನ್ನು ಯಾವ ಕಡೆಗೋ
ನಿನ್ನ ಜಾಗ ಆ ಕಡೆ.
ಎಡಚ ಬಂದರೆ ದಾಟು, ಓಡು,
ನಗುವವರು ನಗಲಿ.
ಲೇಸು ಆಮೇಲೆ. ನೀರು ಆಮೇಲೆ.
ಕಣ್ಣು ಚೆಂಡಿನ ಮೇಲೆ,
ಚೆಂಡು ನಿನ್ನದಲ್ಲದಿದ್ದರೂ.
ಹೆಲ್ಮೆಟ್ಟು ಈಗ ಐದಿವೆ.
ಒಂದರ ಸ್ಪಂಜು ಉದುರಿ ಹೋಗಿತ್ತು,
ಅಮಸಿದ್ಧನ ಅಜ್ಜ ಕುರಿಯುಣ್ಣೆ ತುಂಬಿ ಹೊಲಿದುಕೊಟ್ಟ.
ಬಿಸಿಲಲ್ಲಿ ಅದು ಹಟ್ಟಿಯ ವಾಸನೆ ಬೀರುತ್ತದೆ.

ಮೊನ್ನೆ ಮಿರಜದಲ್ಲಿ ಜಿಲ್ಲಾ ಪಂದ್ಯ.
ಅಲ್ಲಿ ಒಂದೇ ಸುತ್ತಿತ್ತು, ನಮ್ಮ ಬೆಂಚಿನ ಪಕ್ಕ.
ಹಾಲಿನ ಡಬ್ಬಿ ಒಯ್ದಿದ್ದೆ,
ಆಚೆ ಬದಿಯದನ್ನು ಎಳೆದೆ.
ಅಂಪೈರು ಮರಾಠಿಯಲ್ಲಿ ಸಿಡುಕಿದ:
ನಿಮ್ಮ ಪೋರ ಯಾಕೆ ಹೀಗೆ ಆಚೆ ಈಚೆ ಓಡುತ್ತಾನೆ,
ಹೊತ್ತು ಹೋಗುತ್ತದೆ.
ನನ್ನ ಮರಾಠಿ ಸಿಟ್ಟಿನಲ್ಲಿ ತೊದಲುತ್ತದೆ.
ತವನಪ್ಪಾ, ಬಾ ಇಲ್ಲಿ, ಅಂದೆ.
ಅವನು ಬಾಯಿ ತೆರೆದ.
ಅಂಪೈರು ಟೊಪ್ಪಿಗೆ ಸರಿಮಾಡಿಕೊಂಡು
ತನ್ನ ಜಾಗಕ್ಕೆ ಹೋದ.

ಐದನೇ ಇನ್ನಿಂಗ್ಸು. ಸೈಫನ್ ಆಡಲು ನಿಂತ, ಎಡಚ.
ಅಮಸಿದ್ಧ ದಾಟಿ
ಎದುರಾಳಿಗಳ ಬೆಂಚಿನ ಬಳಿ ಹೋಗಿ ನಿಂತ.
ಏನೋ ಅಂದರು ಅವನಿಗೆ, ಕೇಳಿಸಲಿಲ್ಲ.
ಎರಡನೇ ಎಸೆತಕ್ಕೆ ಸೈಫನ್ ತಡವಾಗಿ ಬೀಸಿದ.
ಚೆಂಡು ನಮ್ಮ ಕಡೆ ಸಿಡಿದು,
ಖಾಲಿ ಬಿದ್ದ ಪಾಳಿಗೆರಿಯನ್ನು
ಬಗ್ಗಿದ ಹುಡುಗನ ಗದ್ದದೆತ್ತರದಲ್ಲಿ ದಾಟಿ
ಕಬ್ಬಿಣದ ಜಾಲರಿಗೆ ಬಡಿಯಿತು.
ಜಾಲರಿ ಬಹಳ ಹೊತ್ತು ಗುಂಯ್‌ಗುಟ್ಟಿತು.

ಯಾರೂ ಕೂಗಲಿಲ್ಲ.
ಫೌಲ್, ಅಷ್ಟೇ. ಒಬ್ಬ ಶೇಂಗಾ ಸುಲಿಯುತ್ತಿದ್ದ.
ಸ್ಕೋರಿನ ಪುಸ್ತಕದಲ್ಲಿ ತವನಪ್ಪ
ಒಂದು ಸಣ್ಣ ಗೀಟು ಎಳೆದ,
ಆಮೇಲೂ ಪೆನ್ನಿನ ಮುಚ್ಚಳ ಹಾಕದೆ ಕೂತ,
ಇನ್ನೇನೋ ಬರೆಯುವುದಿದ್ದು
ಅದಕ್ಕೆ ಮನೆಯೇ ಸಿಗದವನ ಹಾಗೆ.

ಸೈಫನ್ ನಾಲ್ಕು ಬಾಲಿಗೆ ನಡೆದು ಬೇಸಿಗೆ ಹೋದ.
ಅಮಸಿದ್ಧನ ಪಾಳಿ ಬಂತು.
ಮೂರು ಎಸೆತ, ಮೂರೂ ಗಾಳಿ.
ಮುಖ ಕೆಂಪಗೆ ಮಾಡಿಕೊಂಡು ಮರಳಿದ,
ಉಣ್ಣೆ ತುಂಬಿದ ಹೆಲ್ಮೆಟ್ಟು ಬಿಚ್ಚಿ
ಕಾಯುತ್ತಿದ್ದವನ ಕೈಗಿಟ್ಟು
"ಔಟ್ ಆದ್ನಿರಿ ಸರ್" ಅಂದ.

ಅವನ ಗಲ್ಲ ಹಿಡಿದು
ಆಚೆ ತಿರುಗಿಸಿದೆ, ಈಚೆ ತಿರುಗಿಸಿದೆ.
ಹೂಂ, ಅಂದೆ. ಹೋಗು, ನೀರು ಕುಡಿ.